ಹಳೆಯ ಗಾಯವನ್ನು ಕೇಳುವ ಬಗೆ

ಮಲೆನಾಡಿನ ಕಡೆಯ ಸೋದರಿಯೊಬ್ಬರಿಂದ ಈ ಅಂಕಣಕ್ಕೆ ಒಂದು ಕಾಗದ ಬಂದಿದೆ. ತಮ್ಮ ಹೆಸರನ್ನಾಗಲಿ ಊರನ್ನಾಗಲಿ ಅಚ್ಚು ಹಾಕಬಾರದೆಂದು ಅವರು ಕೇಳಿಕೊಂಡಿದ್ದಾರೆ. ಅವರು ಕೇಳದಿದ್ದರೂ ನಾವು ಹಾಕುತ್ತಿರಲಿಲ್ಲ. ಅವರ ಯಜಮಾನರು ಕೆಲವು ವರ್ಷಗಳ ಹಿಂದೆ ಘೋರವಾದ ಅಪಘಾತವೊಂದರಲ್ಲಿ ಸಿಕ್ಕಿ ಬದುಕಿ ಉಳಿದವರು. ಮೈಮೇಲಿನ ಗಾಯವೇನೋ ಮಾಯಿತು. ಆದರೆ ಅಂದಿನಿಂದ ಸಂಜೆಯಾದರೆ ಕುಡಿಯದೆ ಅವರಿಗೆ ನಡೆಯದು. ಈಚೆಗೆ ಚಿಕಿತ್ಸೆಗೆಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದಾಗ, ಅಲ್ಲಿ ನಡೆಯುತ್ತಿರುವ ಸಂಶೋಧನೆಯೊಂದಕ್ಕೆ ಅವರೂ ಸೇರಬಹುದೆಂದೂ, ಸೇರಿದರೆ ಒಬ್ಬರು ಸುಮಾರು ಎರಡು ಗಂಟೆಯ ಕಾಲ ಜೊತೆಯಲ್ಲಿ ಕುಳಿತು ಅಪಘಾತದ ವಿಷಯವಾಗಿಯೂ ಕುಡಿತದ ವಿಷಯವಾಗಿಯೂ ಪ್ರಶ್ನೆಗಳನ್ನು ಕೇಳುವರೆಂದೂ ತಿಳಿಸಿದರಂತೆ. ಸೋದರಿಯವರು ಬರೆಯುತ್ತಾರೆ: “ಮರೆಯುವುದಕ್ಕೆಂದೇ ಕುಡಿಯುತ್ತಿರುವ ಮನುಷ್ಯರನ್ನು ಕೂರಿಸಿಕೊಂಡು ನೆನಪು ಮಾಡಿಸುವುದು ಯಾವ ನ್ಯಾಯ? ಇದರಿಂದ ಅವರಿಗೆ ಒಳ್ಳೆಯದಾಗುವುದೆ, ಇಲ್ಲವೆ ಕುಡಿತ ಇನ್ನೂ ಹೆಚ್ಚುವುದೆ? ಅವರು ಹೇಳಿದ್ದು ಯಾರ ಯಾರ ಕಿವಿಗೆ ಬೀಳುವುದು?”

ಈ ಪ್ರಶ್ನೆಗಳಿಗೆ ಉತ್ತರ ಬರೆಯಲು ನನಗೆ ಸ್ವಲ್ಪ ಅಧಿಕಾರವುಂಟು. ಏಕೆಂದರೆ, ಮೇಜಿನ ಆಚೆಯ ಕಡೆಯಲ್ಲಿ ಕುಳಿತು ಇಂಥ ಪ್ರಶ್ನೆಗಳನ್ನು ಕೇಳುವ ಕೆಲಸವನ್ನು ನಾನು ಕೆಲವು ವರ್ಷ ಮಾಡಿದ್ದೇನೆ. ಚೆನ್ನಾಗಿಯೂ ಮಾಡಿದ್ದೇನೆ, ಕೆಟ್ಟದಾಗಿಯೂ ಮಾಡಿದ್ದೇನೆ. ಮುಂದೆ ಬರುವ ವ್ಯಕ್ತಿಗಳ ಗುರುತು ಯಾರಿಗೂ ಸಿಕ್ಕದಂತೆ ಅವರ ಕಥೆಗಳನ್ನು ಮಾರ್ಪಡಿಸಿದ್ದೇನೆಂಬುದನ್ನು ವಾಚಕರು ಮೊದಲೇ ತಿಳಿದಿರಬೇಕು. ಅವರಿಗೆ ಕೊಟ್ಟ ಮಾತಿಗೆ ಅವಧಿಯೆಂಬುದಿಲ್ಲ.

ಇಂಥ ಸಂದರ್ಶನ ಚಿಕಿತ್ಸೆಯಲ್ಲ. ಇದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಆಸ್ಪತ್ರೆಯೊಳಗೆ, ಬಿಳಿಯ ಕೋಟು ಹಾಕಿಕೊಂಡವರು, ಬಾಗಿಲು ಮುಚ್ಚಿದ ಕೊಠಡಿಯಲ್ಲಿ ಮೆಲ್ಲನೆ ಮಾತನಾಡಿದರೆ ರೋಗಿಯಾದವನು ಅದನ್ನು ಚಿಕಿತ್ಸೆಯೆಂದೇ ಭಾವಿಸುವುದು ಸಹಜ. ಹಾಗೆ ಭಾವಿಸಲು ಬಿಡುವುದು ಮೋಸ. ಪ್ರಶ್ನೆ ಕೇಳುವವನು ಬಂದಿರುವುದು ಇಂಥ ನೂರಾರು ಜನರ ಸ್ಥಿತಿಯನ್ನು ಒಂದೇ ಅಳತೆಗೋಲಿನಿಂದ ಅಳೆದು, ಮುಂದೆ ಚಿಕಿತ್ಸೆ ಹೇಗಿರಬೇಕೆಂಬುದನ್ನು ಕಂಡುಕೊಳ್ಳುವುದಕ್ಕಾಗಿ. ಎದುರಿಗಿರುವವನಿಗೆ ಅದರಿಂದ ನೇರವಾದ ಪ್ರಯೋಜನ ಆಗಬಹುದು, ಆಗದಿರಬಹುದು. ಇದನ್ನು ಒಪ್ಪಿಗೆಯ ಪತ್ರದಲ್ಲಿ ಬರೆದಿರಬೇಕು. ಬರೆದಿದ್ದರೆ ಸಾಲದು, ಬಾಯಿಬಿಟ್ಟು ಹೇಳಲೂ ಬೇಕು. ಇದು ಪೋಲೀಸರ ವಿಚಾರಣೆಯೂ ಅಲ್ಲ. ನಮ್ಮ ಜನರಲ್ಲಿ ಅನೇಕರು ತಮ್ಮ ಆಯುಷ್ಯದಲ್ಲಿ ಕಾಗದ ಲೇಖನಿಗಳನ್ನು ಹಿಡಿದು ಸಾಲಾಗಿ ಪ್ರಶ್ನೆ ಕೇಳಿದವರನ್ನು ಕಂಡಿರುವುದು ಠಾಣೆಯಲ್ಲಿ ಇಲ್ಲವೆ ಸಾಲ ಕೊಡುವ ಕಚೇರಿಯಲ್ಲಿ. ಆದಕಾರಣ ಕಾಗದವನ್ನು ಕಂಡೊಡನೆಯೆ ಅವರು ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ.

ಕುಡಿತವನ್ನೂ ಹಳೆಯ ಗಾಯವನ್ನೂ ಒಟ್ಟಿಗೆ ಏಕೆ ಕೇಳಬೇಕು? ಬಹಳ ಕಾಲದವರೆಗೆ ವೈದ್ಯರು ಇವನ್ನು ಬೇರೆ ಬೇರೆಯಾಗಿಯೇ ಇಟ್ಟಿದ್ದರು. ಭಯಂಕರವಾದುದನ್ನು ಅನುಭವಿಸಿದವರಲ್ಲಿ ತಿಂಗಳು ವರ್ಷಗಳವರೆಗೂ ಉಳಿದುಕೊಳ್ಳುವ ಕೆಟ್ಟ ಕನಸು, ಬೆಚ್ಚಿಬೀಳುವಿಕೆ, ಆ ಸ್ಥಳದ ಕಡೆ ಮುಖ ಹಾಕದಿರುವಿಕೆ ಮೊದಲಾದವುಗಳಿಗೆ ಅಮೆರಿಕದ ಮನೋವೈದ್ಯರ ಸಂಘವು ೧೯೮೦ರಲ್ಲಿ ಒಂದು ಪ್ರತ್ಯೇಕವಾದ ಕಾಯಿಲೆಯ ಹೆಸರನ್ನು ಕೊಟ್ಟಿತು. ವಿಯೆಟ್ನಾಂ ಯುದ್ಧದಿಂದ ಹಿಂದಿರುಗಿದ ಸಿಪಾಯಿಗಳ ಸಂಕಟ ಅದಕ್ಕೆ ಮುಖ್ಯವಾದ ಪ್ರೇರಣೆ. ಪಿ.ಟಿ.ಎಸ್.ಡಿ. ಎಂದು ವೈದ್ಯರು ಇಂದು ಹೇಳುವುದು ಅದನ್ನೇ. ನಮ್ಮಲ್ಲಿಯೂ, ೧೯೮೧ರಲ್ಲಿ ಬೆಂಗಳೂರಿನ ಸರ್ಕಸ್ಸಿನ ಡೇರೆಗೆ ಬೆಂಕಿ ಹತ್ತಿ ಅನೇಕ ಮಕ್ಕಳು ತೀರಿಕೊಂಡ ಮೇಲೆ, ಆ ಮಕ್ಕಳ ಬಂಧುಗಳ ದುಃಖವನ್ನು ಕುರಿತು ನಿಮ್ಹಾನ್ಸ್ ಸಂಸ್ಥೆಯವರು ಅಧ್ಯಯನ ಮಾಡಿದ್ದುಂಟು. ೧೯೯೮ರಲ್ಲಿ ಅಮೆರಿಕದ ಫೆಲಿಟಿ, ಆಂಡಾ ಮೊದಲಾದವರು ಸಾವಿರಾರು ಜನರನ್ನು ಕೇಳಿ ಪ್ರಕಟಿಸಿದ ವರದಿಯಲ್ಲಿ ಒಂದು ಮಾತು ಎಲ್ಲರನ್ನೂ ಎಚ್ಚರಗೊಳಿಸಿತು: ಬಾಲ್ಯದಲ್ಲಿ ಹೊಡೆತ, ಅತ್ಯಾಚಾರ, ಮನೆಯೊಳಗಿನ ಕ್ರೌರ್ಯ ಮೊದಲಾದ ವಿಧಗಳಲ್ಲಿ ನಾಲ್ಕನ್ನೋ ಅದಕ್ಕಿಂತ ಹೆಚ್ಚನ್ನೋ ಕಂಡವರಿಗೆ, ಒಂದನ್ನೂ ಕಾಣದವರಿಗಿಂತ, ಕುಡಿತದ ಚಟ, ಖಿನ್ನತೆ, ಆತ್ಮಹತ್ಯೆಯ ಪ್ರಯತ್ನ ಮೊದಲಾದ ಅಪಾಯಗಳು ೪ರಿಂದ ೧೨ ಪಟ್ಟು ಅಧಿಕವಾಗಿದ್ದುವು.

ಹೀಗಿದ್ದರೂ ಸೋದರಿಯವರಿಗಿರುವ ಹೆದರಿಕೆ ವೈದ್ಯರಿಗೂ ಇತ್ತು. ಗಾಯವನ್ನು ಮುಟ್ಟಿದರೆ ಕುಡಿತ ಹೆಚ್ಚುವುದು, ಆದ್ದರಿಂದ ಮೊದಲು ಕುಡಿತ ಬಿಡಿಸಿ ಆಮೇಲೆ ಉಳಿದುದನ್ನು ನೋಡೋಣ ಎಂದು ಅವರು ಹೇಳುತ್ತಿದ್ದರು. ಆ “ಆಮೇಲೆ” ಎಂಬುದು ಎಷ್ಟೋ ಜನರ ಪಾಲಿಗೆ ಬರಲೇ ಇಲ್ಲ. ಆಸ್ಟ್ರೇಲಿಯದ ಸಿಡ್ನಿಯಲ್ಲಿ ಮದ್ಯವೋ ಬೇರೆ ಮಾದಕವಸ್ತುವೋ ಅಂಟಿಕೊಂಡಿದ್ದ ೧೦೩ ಜನರಲ್ಲಿ ನಡೆಸಿ ೨೦೧೨ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ, ನುರಿತವರ ಕೈಯಲ್ಲಿ ಎರಡಕ್ಕೂ ಜೊತೆಜೊತೆಯಾಗಿ ಚಿಕಿತ್ಸೆ ಪಡೆದವರ ಮನಸ್ಸಿನ ಬಾಧೆ ಮಿಕ್ಕವರದಕ್ಕಿಂತ ಹೆಚ್ಚಾಗಿ ತಗ್ಗಿತು. ಗಾಯವನ್ನು ಮುಟ್ಟಿದ್ದರಿಂದ ಚಟ ಕೆರಳಲಿಲ್ಲ. ಇಷ್ಟಾದರೂ ತಿಳಿದುಬಂದದ್ದು ಯಾರೋ ನೂರಮೂರು ಜನ ಕುಳಿತು ಪ್ರಶ್ನೆಗಳಿಗೆ ಉತ್ತರ ಕೊಟ್ಟಿದ್ದರಿಂದ.

ಈಗ ಕೊಠಡಿಯೊಳಕ್ಕೆ ಹೋಗೋಣ. ಬಂದವರು ಆ ಹೊತ್ತಿಗೆ ಅಮಲಿನಲ್ಲಿರಬಾರದು. ಅಮಲಿನಲ್ಲಿರುವವನ ಒಪ್ಪಿಗೆ ಒಪ್ಪಿಗೆಯಲ್ಲ, ಉತ್ತರವೂ ಉತ್ತರವಲ್ಲ. ಕೆಲವು ಕಡೆ ಉಸಿರನ್ನು ಊದಿಸಿ ನೋಡುವ ಯಂತ್ರವಿರುತ್ತದೆ. ಊದಿದಾಗ ಮದ್ಯ ಕಂಡುಬಂದರೆ ಅವಮಾನ ಮಾಡದೆ ಬೇರೆ ದಿನ ಬರಹೇಳಬೇಕು. ಆದರೆ ಇಲ್ಲಿ ಮನೆಯವರು ತಿಳಿಯಬೇಕಾದ ಒಂದು ಸಂಗತಿಯುಂಟು. ಬಹಳ ದಿನದಿಂದ ಪ್ರತಿನಿತ್ಯವೂ ವಿಪರೀತವಾಗಿ ಕುಡಿಯುತ್ತಿರುವವರನ್ನು, ನಾಳೆ ಸಂದರ್ಶನವಿದೆಯೆಂದು ಒಮ್ಮೆಲೇ ನಿಲ್ಲಿಸಿಬಿಡಬಾರದು. ಕೈನಡುಕ, ಬೆವರು, ವಾಂತಿಗಳಿಂದ ಪ್ರಾರಂಭವಾಗಿ, ಮೊದಲ ಎರಡು ದಿನಗಳೊಳಗೆ ಫಿಟ್ಸ್ ಬರುವುದೂ, ಅದರ ಬೆನ್ನಿಗೆ ಇಲ್ಲದ್ದು ಕಾಣುವ ಸನ್ನಿ ಹಿಡಿಯುವುದೂ ಉಂಟು, ಪ್ರಾಣಕ್ಕೇ ಅಪಾಯ. ಯಾವ ಸಮಯಕ್ಕೆ, ಹೇಗೆ ಬರಬೇಕೆಂಬುದನ್ನು ವೈದ್ಯರನ್ನು ಕೇಳಿಯೇ ನಿಶ್ಚಯಿಸತಕ್ಕದ್ದು.

ಕುಡಿತದ ಪ್ರಶ್ನೆಗಳು ಮೊದಲು ಬರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯವರು ಆರು ದೇಶಗಳಲ್ಲಿ ಪರೀಕ್ಷಿಸಿ ಸಿದ್ಧಪಡಿಸಿದ ಹತ್ತು ಪ್ರಶ್ನೆಗಳ ಒಂದು ಪಟ್ಟಿಯುಂಟು. ಅದರ ಹೆಸರು ‘ಆಡಿಟ್’. (ಲೆಕ್ಕಪತ್ರದ ಆಡಿಟ್ ಎಂದು ಹೆದರಿದ ಒಬ್ಬ ವರ್ತಕರು ನನಗೆ ತಮ್ಮ ಅಂಗಡಿಯ ಲೆಕ್ಕವೆಲ್ಲ ಸರಿಯಾಗಿದೆಯೆಂದು ಐದು ನಿಮಿಷ ವಿವರಿಸಿದರು.) ಎಷ್ಟು ಸಲ, ಎಷ್ಟು ಪ್ರಮಾಣ, ಆರಂಭಿಸಿದ ಮೇಲೆ ನಿಲ್ಲಿಸಲಾರದಾದದ್ದುಂಟೆ, ಬೆಳಿಗ್ಗೆ ಎದ್ದೊಡನೆ ಬೇಕಾದದ್ದುಂಟೆ, ಮನೆಯವರಾಗಲಿ ವೈದ್ಯರಾಗಲಿ ಕಡಿಮೆ ಮಾಡೆಂದು ಹೇಳಿದ್ದುಂಟೆ, ಹೀಗೆ. ಒಟ್ಟು ೪೦ ಅಂಕ. ೮ ಅಥವಾ ಅದಕ್ಕಿಂತ ಹೆಚ್ಚು ಬಂದರೆ ಎಚ್ಚರಿಕೆಯ ಗುರುತು.

“ಎಷ್ಟು ಕುಡಿಯುತ್ತೀರಿ?” ಎಂಬ ಪ್ರಶ್ನೆಗೆ ಕನ್ನಡನಾಡಿನಲ್ಲೆಲ್ಲ ಉತ್ತರ ಒಂದೇ: “ಸ್ವಲ್ಪ.” ಈ ಸ್ವಲ್ಪವನ್ನು ಅಳೆಯುವುದೇ ಸಂದರ್ಶಕನ ಮೊದಲನೆಯ ವಿದ್ಯೆ. ಅಳತೆಯ ಒಂದು ಪಾನವೆಂದರೆ ಸುಮಾರು ೧೦ ಗ್ರಾಂ ಶುದ್ಧ ಮದ್ಯಸಾರ. ನಮ್ಮ ಅಂಗಡಿಗಳಲ್ಲಿ ಮಾರುವ ವಿಸ್ಕಿ, ಬ್ರಾಂದಿ, ರಮ್ಮುಗಳ ಸಾರ ನೂರಕ್ಕೆ ೪೨.೮ ಪಾಲು, ಆ ಲೆಕ್ಕದಲ್ಲಿ ೩೦ ಮಿಲಿಲೀಟರು ಒಂದು ಪಾನವಾಯಿತು. ‘ನೈಂಟಿ’ ಎಂದು ಕರೆಯುವ ಸಣ್ಣ ಪೊಟ್ಟಣದಲ್ಲಿ ಮೂರು. ‘ಕ್ವಾರ್ಟರ್’ ಎಂಬ ೧೮೦ ಮಿಲಿಲೀಟರಿನಲ್ಲಿ ಆರು. ಪಟ್ಟಿಯ ಮೂರನೆಯ ಪ್ರಶ್ನೆ ಕೇಳುವುದೇ “ಒಂದೇ ಸಲಕ್ಕೆ ಆರು ಪಾನ, ಅಥವಾ ಅದಕ್ಕಿಂತ ಹೆಚ್ಚು, ಎಷ್ಟು ಬಾರಿ?” ಎಂದು. ದಿನಕ್ಕೊಂದು ಕ್ವಾರ್ಟರ್ ಮುಗಿಸುವ ಮನುಷ್ಯನಿಗೆ ಇದು ಜಗತ್ತಿನ ವೈದ್ಯರು ಭಾರಿಯೆಂದು ಎಣಿಸುವ ಪ್ರಮಾಣವೆಂಬುದು ಕನಸಿನಲ್ಲಿಯೂ ಹೊಳೆದಿರುವುದಿಲ್ಲ. ಅವನ ಕಣ್ಣಿಗೆ ಅದು ಒಂದೇ ಒಂದು ಸೀಸೆ. ಆದುದರಿಂದ ಖಾಲಿ ಸೀಸೆ, ಪೊಟ್ಟಣ, ಲೋಟಗಳನ್ನು ಮೇಜಿನ ಮೇಲಿಟ್ಟುಕೊಂಡು, ‘ಇದರಲ್ಲಿ ಎಲ್ಲಿಯವರೆಗೆ?’ ಎಂದು ಬೆರಳಿಟ್ಟು ತೋರಿಸಲು ಹೇಳುವುದು ಉತ್ತಮ. ಮೊದಲ ಸಲ ನಾನು ಹಾಗೆ ಇಟ್ಟುಕೊಂಡಿದ್ದಾಗ ನೆಲ ಗುಡಿಸಲು ಬಂದ ಹೆಂಗಸು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ಎಷ್ಟು ಎಂಬುದಾದ ಮೇಲೆ ಯಾವಾಗ ಎಂಬುದು. ಸೊಬೆಲ್ ದಂಪತಿಗಳು ರೂಢಿಗೆ ತಂದ ಪದ್ಧತಿಯೊಂದಿದೆ. ಕ್ಯಾಲೆಂಡರೊಂದನ್ನು ಎದುರಿಗಿಟ್ಟು, ಕಳೆದ ಮೂರು ತಿಂಗಳನ್ನೋ ವರ್ಷವನ್ನೋ ದಿನದಿನವಾಗಿ ಹಿಂದಕ್ಕೆ ನಡೆಯುವುದು. ಬರಿಯ ತಾರೀಖು ಕೇಳಿದರೆ ಯಾರಿಗೂ ಏನೂ ನೆನಪಾಗದು. ಹಬ್ಬ, ಜಾತ್ರೆ, ಮದುವೆ, ಬಟವಾಡೆಯ ಶನಿವಾರ, ಮಗುವಿಗೆ ಜ್ವರ ಬಂದ ದಿನ, ಇವುಗಳನ್ನು ಮೊದಲು ಗುರುತು ಹಾಕಿಕೊಂಡರೆ ಉಳಿದ ದಿನಗಳು ತಾವಾಗಿಯೇ ಅವುಗಳಿಗೆ ತಗುಲಿಕೊಂಡು ಬರುತ್ತವೆ. “ಶ್ರಾವಣ ಪೂರ್ತಿ ಮುಟ್ಟಲಿಲ್ಲ.” “ಗೌರಿ ಹಬ್ಬಕ್ಕೆ ಭಾವಮೈದುನ ಬಂದಿದ್ದ, ಅವತ್ತು ಜಾಸ್ತಿಯಾಯಿತು.” ಇದಕ್ಕೆ ಬೇಕಾದದ್ದು ತಾಳ್ಮೆ ಮತ್ತು ನಮ್ಮ ಪಂಚಾಂಗದ ಅಲ್ಪ ಪರಿಚಯ.

ಈ ಕ್ಯಾಲೆಂಡರಿನಿಂದಲೇ ನನಗೆ ಒಂದು ದೊಡ್ಡ ಪಾಠವಾಯಿತು. ಕಲ್ಲುಗಣಿಯಲ್ಲಿ ಕೆಲಸ ಮಾಡುತ್ತಿದ್ದವರೊಬ್ಬರು ಬಂದಿದ್ದರು. ಸಿಡಿಮದ್ದು ಅಕಾಲದಲ್ಲಿ ಸಿಡಿದು ಅವರ ಜೊತೆಗಾರ ಕಣ್ಣೆದುರಿಗೇ ಹೋಗಿದ್ದ. ವಾಡಿಕೆಯಂತೆ ನಾನು ಕ್ಯಾಲೆಂಡರು ತುಂಬುತ್ತಾ ಹೋದೆ. ಒಂದು ಕಡೆ ಸಾಲಾಗಿ ೪೧ ದಿನ ಸೊನ್ನೆ. ಏಕೆಂದು ಕೇಳಿದರೆ, ಅಯ್ಯಪ್ಪಸ್ವಾಮಿಯ ಮಾಲೆ ಹಾಕಿದ್ದರಂತೆ. ವೈದ್ಯರ ಮದ್ದು ತೆಗೆದುಕೊಂಡು ಮೊದಲೇ ಕ್ರಮವಾಗಿ ಇಳಿಸಿಕೊಂಡಿದ್ದರಿಂದ ನಡುಕ ಮೊದಲಾದದ್ದು ಬರಲಿಲ್ಲ. ಮನೆಯವರಿಗೆಲ್ಲ ಆನಂದ. ಬೆಟ್ಟದಿಂದ ಬಂದು ಮಾಲೆ ತೆಗೆದ ರಾತ್ರಿಯೇ ಪುನಃ ಒಂದು ಕ್ವಾರ್ಟರ್. ಬಂಧುಗಳು, “ಇವನ ಭಕ್ತಿಯೇ ಇಷ್ಟು,” ಎಂದು ಆಡಿಕೊಂಡರು. ನಾನೂ ಆ ಸೊನ್ನೆಗಳನ್ನು ಬರೆದುಕೊಂಡು ಮುಂದಕ್ಕೆ ಹೋಗುವವನಿದ್ದೆ. ಹೇಗೋ ಬಾಯಿಗೆ ಬಂದಿತು: “ಆ ನಲವತ್ತೊಂದು ದಿನ ನಿದ್ದೆ ಹೇಗಿತ್ತು, ಯಜಮಾನರೆ?”

ಅವರು ಬಹಳ ಹೊತ್ತು ಕ್ಯಾಲೆಂಡರನ್ನೇ ನೋಡುತ್ತಿದ್ದರು. “ನಿದ್ದೆ ಎಲ್ಲಿಯದು ಸ್ವಾಮಿ? ಕಣ್ಣು ಮುಚ್ಚಿದರೆ ಆ ಸದ್ದು. ಅವನು ನೀರು ಕೇಳ್ತಾನೆ. ನಾನು ದೇವರ ಮನೆ ಮುಂದೆ ಕೂತೇ ಬೆಳಗು ಮಾಡ್ತಿದ್ದೆ. ಭಜನೆ ಮಾಡ್ತಾನೆ ಅಂತ ಅವರೆಲ್ಲ ಅಂದ್ಕೊಂಡ್ರು.”

ಬಹುಕಾಲ ಕುಡಿದವನು ಬಿಟ್ಟಾಗ ಮೊದಲ ದಿನಗಳಲ್ಲಿ ನಿದ್ರೆ ಕೆಡುವುದೂ ಕನಸುಗಳು ಉಕ್ಕುವುದೂ ಮದ್ಯದ ದೆಸೆಯಿಂದಲೇ ಆಗಬಹುದು. ಆದ್ದರಿಂದ ಸಂದರ್ಶಕನು ತಟ್ಟನೆ ತೀರ್ಮಾನಕ್ಕೆ ಬರಬಾರದು. ಮೊದಲ ವಾರದಲ್ಲಿ ಮಾತ್ರವೆ, ಐದನೆಯ ವಾರದಲ್ಲಿಯೂ ಹಾಗೆಯೆ? ಕುಡಿತ ಹೆಚ್ಚುವುದಕ್ಕೆ ಮುಂಚೆಯೇ ಈ ಕನಸುಗಳಿದ್ದುವೆ? ಕನಸು ಏನಾದರೂ ಒಂದೆ, ಅಥವಾ ಆ ಘಟನೆಯದೇ? ಇವರದು ಕೊನೆಯ ದಿನದವರೆಗೂ ಇತ್ತು. ಸಿಡಿತವಾದ ವಾರದಲ್ಲಿಯೇ ತೊಡಗಿದ್ದು. ಕುಡಿತ ಹತ್ತಿದ್ದು ಅದಾದ ಮೂರು ತಿಂಗಳಿಗೆ. ಮದ್ಯ ನಿದ್ರೆ ಬರಿಸುತ್ತದೆಂಬುದು ಅರ್ಧ ಸತ್ಯ. ಬೇಗ ಮಲಗಿಸಿ ನಡುರಾತ್ರಿಯಲ್ಲಿ ಎಬ್ಬಿಸಿ ಕೂರಿಸುತ್ತದೆ. ಆದರೆ ಅರ್ಧ ರಾತ್ರಿಯ ನೆಮ್ಮದಿಯೂ ಸಿಕ್ಕದವನಿಗೆ ಆ ಅರ್ಧವೇ ದೊಡ್ಡದು. ಐದು ವರ್ಷ ಮನೆಯವರು ಬೈದದ್ದೂ, ದೇವರಿಗೆ ಹರಕೆ ಹೊತ್ತದ್ದೂ ಕುಡಿತಕ್ಕಾಗಿ. ಆ ಸದ್ದಿನ ವಿಷಯವನ್ನು ಯಾರೂ ಕೇಳಿರಲಿಲ್ಲ.

ಗಾಯದ ಪ್ರಶ್ನೆಗಳ ವಿಷಯಕ್ಕೆ ಬರೋಣ. ಇಲ್ಲಿ ಮೊದಲ ತೊಡಕು ಭಾಷೆಯದು. ಇಂಗ್ಲಿಷಿನ ಪಟ್ಟಿಗಳನ್ನು ಕನ್ನಡಕ್ಕೆ ತಂದವರು ‘ಟ್ರಾಮಾ’ ಎಂಬುದಕ್ಕೆ ‘ಆಘಾತ’ ಎಂದು ಬರೆಯುತ್ತಾರೆ. ಶಬ್ದ ಸರಿಯಾಗಿಯೇ ಇದೆ. ಆದರೆ “ನಿಮಗೆ ಆಘಾತವಾಗಿದೆಯೆ?” ಎಂದು ಕೇಳಿದಾಗ, “ಇಲ್ಲ ಸ್ವಾಮಿ, ಇ.ಸಿ.ಜಿ. ತೆಗೆದರು, ಹಾರ್ಟು ಚೆನ್ನಾಗಿದೆ ಅಂದರು,” ಎಂಬ ಉತ್ತರ ಬಂದದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಜನರಿಗೆ ಆಘಾತವೆಂದರೆ ಹೃದಯಾಘಾತ. “ಜೀವ ಹೋದೀತು ಅನ್ನಿಸುವಂಥದ್ದು ಏನಾದರೂ ಆದದ್ದುಂಟೆ, ಬೇರೆಯವರಿಗೆ ಆದದ್ದನ್ನು ಕಣ್ಣಾರೆ ಕಂಡದ್ದುಂಟೆ?” ಎಂದರೆ ಅಜ್ಜಿಗೂ ಅರ್ಥವಾದೀತು. ಸಂಕಟವನ್ನು ಹೇಳುವಾಗಲೂ ನಮ್ಮವರು ಮನಸ್ಸಿನ ಮಾತಿಗಿಂತ ಮೈಯ ಮಾತನ್ನೇ ಮುಂದಿಡುತ್ತಾರೆ: ಎದೆ ಹೊಡೆದುಕೊಳ್ಳುತ್ತದೆ, ನೆತ್ತಿ ಉರಿಯುತ್ತದೆ, ಹೊಟ್ಟೆಯಲ್ಲಿ ಸಂಕಟ. ಪಟ್ಟಿಯಲ್ಲಿ ನೆತ್ತಿಯುರಿಗೆ ಸ್ಥಳವಿಲ್ಲವೆಂದು ಅದನ್ನು ಬಿಟ್ಟುಬಿಡುವ ಸಂದರ್ಶಕನು ಬಾಗಿಲಲ್ಲಿ ನಿಂತವನನ್ನು ಒಳಕ್ಕೆ ಕರೆಯದವನಂತೆ.

ಬಹುಮಟ್ಟಿಗೆ ಇಂಥ ಅಧ್ಯಯನಗಳಲ್ಲಿ ಬಳಸುವುದು ಅಮೆರಿಕದಲ್ಲಿ ಸಿದ್ಧವಾದ ‘ಕ್ಯಾಪ್ಸ್’ ಎಂಬ ಸಂದರ್ಶನ. ಅದರ ಕ್ರಮವನ್ನು ಕೇಳಿದರೆ ಸೋದರಿಯವರ ಭಯ ಸ್ವಲ್ಪ ಇಳಿದೀತು. ನಡೆದುದನ್ನು ಆದಿಯಿಂದ ಅಂತ್ಯದವರೆಗೆ ಹೇಳಿಸುವುದು ಅದರ ಉದ್ದೇಶವೇ ಅಲ್ಲ. ಏನಾಯಿತೆಂಬುದನ್ನು ಕೆಲವೇ ಮಾತುಗಳಲ್ಲಿ, ವರ್ತಮಾನಪತ್ರಿಕೆಯ ತಲೆಬರಹದಷ್ಟು, ಹೇಳಿದರೆ ಸಾಕು. ಅನಂತರದ ಪ್ರಶ್ನೆಗಳೆಲ್ಲ ಕಳೆದ ಒಂದು ತಿಂಗಳಿಗೆ ಸಂಬಂಧಿಸಿದವು: ಕನಸು ಎಷ್ಟು ಸಲ ಬಿತ್ತು, ಎದ್ದ ಮೇಲೆ ಮತ್ತೆ ಮಲಗಲು ಎಷ್ಟು ಹೊತ್ತಾಯಿತು, ಆ ದಾರಿಯಲ್ಲಿ ಹೋಗುವುದನ್ನು ತಪ್ಪಿಸಿಕೊಂಡಿರಾ, ಹೀಗೆ ೨೦ ಲಕ್ಷಣಗಳು, ಪ್ರತಿಯೊಂದಕ್ಕೂ ೦ಯಿಂದ ೪ರವರೆಗೆ ಅಂಕ. ಮಾತು ಘಟನೆಯ ಆಳಕ್ಕೆ ಜಾರಿ, ಎದುರಿಗಿರುವವರ ಉಸಿರು ಮೇಲುಮೇಲಾಗುತ್ತಿದ್ದರೆ, ಅವರನ್ನು ಮೆಲ್ಲನೆ ಇಂದಿಗೆ, ಈ ಕೊಠಡಿಗೆ, ಈ ಕುರ್ಚಿಗೆ ಹಿಂದಿರುಗಿಸುವುದು ಕೇಳುವವನ ಕರ್ತವ್ಯ. ಗಾಯವನ್ನು ಬಿಚ್ಚಿಟ್ಟು ಎದ್ದುಹೋಗುವ ಅಧಿಕಾರ ಅವನಿಗಿಲ್ಲ. ಅದನ್ನು ಕಟ್ಟಲು ಬೇಕಾದ ವಾರಗಳು ಅವನ ಕೈಯಲ್ಲಿಲ್ಲ.

ಹಿಂದಿರುಗಿಸುವುದು ಬೇರೆ, ಬಾಯಿ ಮುಚ್ಚಿಸುವುದು ಬೇರೆ. ಈ ಅಂತರವನ್ನು ನಾನು ಕಲಿತದ್ದು ಒಬ್ಬರಿಗೆ ಅನ್ಯಾಯ ಮಾಡಿ. ಕೆಲಸಕ್ಕೆ ಸೇರಿದ ಹೊಸತು. ಮಧ್ಯವಯಸ್ಸಿನವರೊಬ್ಬರು, ಚಿಕ್ಕಂದಿನಲ್ಲಿ ತಮಗೆ ಆದ ಒಂದನ್ನು, ಅದುವರೆಗೆ ಯಾರಿಗೂ ಹೇಳದಿದ್ದುದನ್ನು, ತಲೆ ತಗ್ಗಿಸಿಕೊಂಡು ಹೇಳಲು ತೊಡಗಿದರು. ಆ ದಿನ ನನಗೆ ಇನ್ನೂ ಇಬ್ಬರು ಕಾದಿದ್ದರು. ನಾನು ಗಡಿಯಾರ ನೋಡಿದೆ. ನೋಡಿ, “ಸರಿ, ಮುಂದಿನ ಪ್ರಶ್ನೆ,” ಎಂದೆ. ಅವರು ತಲೆಯೆತ್ತಿ ನನ್ನನ್ನು ಒಮ್ಮೆ ನೋಡಿದರು. ಅಲ್ಲಿಂದಾಚೆಗೆ ಎಲ್ಲಕ್ಕೂ “ಇಲ್ಲ.” ಕನಸು ಇಲ್ಲ, ಹೆದರಿಕೆ ಇಲ್ಲ, ಬೇಸರ ಇಲ್ಲ. ಇಪ್ಪತ್ತು ನಿಮಿಷದಲ್ಲಿ ಸಂದರ್ಶನ ಮುಗಿಯಿತು. ಹಾಳೆಯ ತುಂಬ ಅಂದವಾದ ಸೊನ್ನೆಗಳು. ಒಪ್ಪಿಗೆ ಪಡೆದು ಮಾಡಿದ್ದ ಧ್ವನಿಮುದ್ರಣವನ್ನು ಆ ವಾರ ಕೇಳಿದ ನಮ್ಮ ಹಿರಿಯರು ನನ್ನನ್ನು ಕರೆದು, “ಇವರಿಗೆ ಕಾಯಿಲೆಯಿಲ್ಲವೆಂದು ಬರೆದಿದ್ದೀಯಲ್ಲ, ಇದು ಅವರ ಉತ್ತರವೋ ನಿನ್ನದೋ?” ಎಂದು ಕೇಳಿದರು. ಮತ್ತೆ ಬರಹೇಳಿ ಕಾಗದ ಬರೆದೆವು. ಅವರು ಬರಲಿಲ್ಲ.

ಹೇಳಿದ್ದು ಯಾರ ಕಿವಿಗೆ ಬೀಳುವುದೆಂಬ ಪ್ರಶ್ನೆಗೆ ಉತ್ತರವನ್ನು ಸ್ವಲ್ಪ ವಿವರಿಸಿ ಕೊಡಬೇಕಾಗಿದೆ. ಉತ್ತರದ ಹಾಳೆಯ ಮೇಲೆ ಹೆಸರಿರುವುದಿಲ್ಲ, ಸಂಖ್ಯೆಯಿರುತ್ತದೆ. ಹೆಸರನ್ನೂ ಸಂಖ್ಯೆಯನ್ನೂ ಕೂಡಿಸುವ ಪಟ್ಟಿಯನ್ನು ಬೇರೆ ಕಡೆ ಬೀಗದಲ್ಲಿಡುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ೨೦೧೭ರಲ್ಲಿ ಪ್ರಕಟಿಸಿದ ನೀತಿನಿಯಮಗಳಂತೆ, ಇಂಥ ಅಧ್ಯಯನವನ್ನು ನೀತಿಸಮಿತಿಯೊಂದು ಮೊದಲು ಪರಿಶೀಲಿಸಿ ಒಪ್ಪಿರಬೇಕು; ಒಪ್ಪಿಗೆಯ ಪತ್ರವನ್ನು ತಿಳಿಯುವ ಭಾಷೆಯಲ್ಲಿ ಓದಿ ಹೇಳಬೇಕು; ಓದುಬರಹ ಬಾರದವರು ಹೆಬ್ಬೆಟ್ಟು ಒತ್ತುವಾಗ ಪಕ್ಷಪಾತವಿಲ್ಲದ ಸಾಕ್ಷಿಯೊಬ್ಬರು ಇರಬೇಕು. ಯಾವ ಘಳಿಗೆಯಲ್ಲಿ ಬೇಕಾದರೂ ಎದ್ದು ಬರಬಹುದು. ಎದ್ದು ಬಂದುದಕ್ಕಾಗಿ ಆಸ್ಪತ್ರೆಯ ಚಿಕಿತ್ಸೆಗೆ ಚ್ಯುತಿ ಬರಕೂಡದು. ಆದರೆ ಗುಟ್ಟಿಗೂ ಎಲ್ಲೆಯುಂಟು. ತನ್ನ ಪ್ರಾಣಕ್ಕೋ ಇನ್ನೊಬ್ಬರ ಪ್ರಾಣಕ್ಕೋ ಈಗಲೇ ಅಪಾಯವಿದೆಯೆಂದು ಕಂಡುಬಂದರೆ ಸಂದರ್ಶಕನು ಸುಮ್ಮನಿರಲಾರ. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದುದು ತಿಳಿದುಬಂದರೆ, ೨೦೧೨ರ ಪೋಕ್ಸೋ ಕಾಯಿದೆಯಂತೆ ಅದನ್ನು ಪೋಲೀಸರಿಗೆ ತಿಳಿಸಬೇಕಾಗುತ್ತದೆ. ಈ ಎಲ್ಲೆಗಳನ್ನು ಮಾತು ಪ್ರಾರಂಭವಾಗುವುದಕ್ಕೆ ಮೊದಲೇ ಹೇಳಿರಬೇಕು. ನಂಬಿ ಹೇಳಿದ ಮೇಲೆ, “ಇದನ್ನು ನಾನು ಗುಟ್ಟಾಗಿಡಲಾರೆ,” ಎನ್ನುವುದು ಎರಡನೆಯ ಗಾಯ.

ಗಂಡನ ಕೈಯಿಂದ ಏಟು ತಿನ್ನುವ ಹೆಂಗಸರನ್ನು ಅವರ ಮನೆಯಲ್ಲಿಯೇ ಕೇಳಬೇಕಾದಾಗ ಇನ್ನೂ ಹೆಚ್ಚಿನ ಎಚ್ಚರ ಬೇಕು. ವಿಶ್ವ ಆರೋಗ್ಯ ಸಂಸ್ಥೆಯವರು ೨೦೦೧ರಲ್ಲಿ ಇದಕ್ಕೆಂದೇ ಸಲಹೆಗಳನ್ನು ಅಚ್ಚು ಹಾಕಿಸಿದರು. ಒಂದು ಮನೆಯಲ್ಲಿ ಒಬ್ಬಳನ್ನೇ ಕೇಳುವುದು, ಏಕಾಂತದಲ್ಲಿ ಕೇಳುವುದು. ನಡುವೆ ಯಾರಾದರೂ ಬಂದರೆ ತಟ್ಟನೆ ಬೇರೆ ವಿಷಯಕ್ಕೆ ಮಾತು ತಿರುಗಿಸುವುದು. ನಮ್ಮ ಜೊತೆಯ ಹೆಣ್ಣುಮಕ್ಕಳು ಇದಕ್ಕಾಗಿ ಮಗುವಿನ ಲಸಿಕೆಯ ಪ್ರಶ್ನೆಗಳ ಹಾಳೆಯೊಂದನ್ನು ಮೇಲೆಯೇ ಇಟ್ಟುಕೊಂಡಿರುತ್ತಿದ್ದರು. ಅತ್ತೆಯವರು ಕಾಫಿ ತಂದಾಗ ಕೇಳಿಸುತ್ತಿದ್ದುದು ಪೋಲಿಯೋ ಹನಿಯ ಮಾತು.

ಇನ್ನು, ಕೇಳಿದ್ದರಿಂದಲೇ ಹಾನಿಯಾಗುವುದೆ? ಇದನ್ನೂ ಸಂಶೋಧಕರು ಕೇಳಿ ನೋಡಿದ್ದಾರೆ. ಕೆಲವರಿಗೆ ಆ ಹೊತ್ತಿನಲ್ಲಿ ದುಃಖ ಉಕ್ಕುತ್ತದೆ; ಆದರೆ ಬಹುಮಂದಿ, ಹೇಳಿದ್ದಕ್ಕೆ ತಮಗೆ ಪಶ್ಚಾತ್ತಾಪವಿಲ್ಲವೆಂದೇ ಹೇಳುತ್ತಾರೆ. ಅಂದರೆ, ಸರಿಯಾಗಿ ಕೇಳಿದಾಗ. ಸರಿಯಾದ ಸಂದರ್ಶನ ಕೊನೆಯ ಪ್ರಶ್ನೆಯೊಡನೆ ಮುಗಿಯುವುದಿಲ್ಲ. ಮಳೆ ಬೆಳೆ, ಮಕ್ಕಳ ಓದು ಎಂದು ಹತ್ತು ನಿಮಿಷ ಮಾತನಾಡಿ, ಉಸಿರು ಹದಕ್ಕೆ ಬಂದ ಮೇಲೆ, ತೊಂದರೆಯಾದರೆ ಯಾರನ್ನು ಕಾಣಬೇಕೆಂಬುದನ್ನು ಬರೆದುಕೊಟ್ಟು ಕಳುಹಿಸುತ್ತಾರೆ. ೨೦೨೨ರಲ್ಲಿ ಪ್ರಾರಂಭವಾದ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿಯ ೧೪೪೧೬ ಎಂಬ ಸಂಖ್ಯೆಗೆ ಕನ್ನಡದಲ್ಲಿಯೇ ಮಾತನಾಡಬಹುದು. ಕೇಳಿದವನ ಗತಿಯೇನು ಎಂದು ಯಾರೂ ವಿಚಾರಿಸುವುದಿಲ್ಲ. ಅವನಿಗೂ ರಾತ್ರಿಗಳುಂಟು, ವಾರಕ್ಕೊಮ್ಮೆ ಹಿರಿಯರೊಡನೆ ಕುಳಿತು ಮನಸ್ಸು ಹಗುರ ಮಾಡಿಕೊಳ್ಳುವ ಏರ್ಪಾಡಿಲ್ಲದ ಕಡೆ ಈ ಕೆಲಸಕ್ಕೆ ಯಾರೂ ಸೇರಬಾರದೆಂಬುದು ನನ್ನ ಅಭಿಪ್ರಾಯ.

ಆದುದರಿಂದ, ಸೋದರಿ, ಒಪ್ಪಬೇಕೆ ಬೇಡವೆ ಎಂಬುದನ್ನು ತಾವೂ ಅಲ್ಲ, ನಾನೂ ಅಲ್ಲ, ತಮ್ಮ ಯಜಮಾನರೇ ತೀರ್ಮಾನಿಸಬೇಕು. ತಾವು ಮಾಡಬಹುದಾದದ್ದು, ಅವರ ಪರವಾಗಿ ನಾಲ್ಕು ಮಾತು ಕೇಳುವುದು. ನೀತಿಸಮಿತಿಯ ಒಪ್ಪಿಗೆ ಇದೆಯೆ? ನಡುವೆ ನಿಲ್ಲಿಸಬಹುದೆ? ಆ ರಾತ್ರಿ ಮನಸ್ಸು ಕೆಟ್ಟರೆ ಫೋನು ಎತ್ತಿಕೊಳ್ಳುವವರು ಯಾರು? ಬಾಧೆಯಿದೆಯೆಂದು ಕಂಡುಬಂದರೆ ಚಿಕಿತ್ಸೆಗೆ ಕಳುಹಿಸುವಿರೋ, ಬರೆದುಕೊಂಡು ಬಿಡುವಿರೋ? ಈ ಕೊನೆಯದಕ್ಕೆ ತಡವರಿಸಿದರೆ ಕೈಮುಗಿದು ಬಂದುಬಿಡಿ. ಸರಿಯಾದ ಉತ್ತರ ಬಂದರೆ ಹೆದರಬೇಕಾದದ್ದಿಲ್ಲ. ಅವರು ಒಳಗಿರುವಾಗ ತಾವು ಹೊರಗೇ ಇರಿ. ತಮ್ಮನ್ನು ಒಳಕ್ಕೆ ಬಿಡದಿದ್ದರೆ ಕೋಪಿಸಿಕೊಳ್ಳಬೇಡಿ.

ಕಲ್ಲುಗಣಿಯವರ ಹೆಂಡತಿ ಎರಡು ಗಂಟೆಯೂ ಹೊರಗಿನ ಬೆಂಚಿನ ಮೇಲೆ ಬುತ್ತಿಯ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ಅವರು ಮುಖ ತೊಳೆಯಲು ಹೋದಾಗ ಆಕೆ ನನ್ನ ಹತ್ತಿರಕ್ಕೆ ಬಂದು, “ಏನಂದ್ರು ಸ್ವಾಮಿ? ನನ್ನ ಹತ್ತಿರ ಒಂದು ದಿನ ಬಾಯಿ ಬಿಟ್ಟಿಲ್ಲ,” ಎಂದರು. ಐದು ವರ್ಷ ಆ ಮನೆಯನ್ನು ಹೊತ್ತವರು ಅವರು. ದೇವರ ಮನೆಯ ಮುಂದೆ ಕಳೆದ ನಲವತ್ತೊಂದು ರಾತ್ರಿಯ ಮಾತು ನನ್ನ ನಾಲಗೆಯ ತುದಿಯಲ್ಲಿತ್ತು. “ತಾಯಿ, ಅದನ್ನು ಅವರೇ ಹೇಳಬೇಕು. ಚಿಕಿತ್ಸೆಗೆ ಸೋಮವಾರ ಬರಲು ಒಪ್ಪಿದ್ದಾರೆ, ಅಷ್ಟನ್ನು ತಿಳಿಸಬಹುದೆಂದು ಅವರೇ ಹೇಳಿದ್ದಾರೆ,” ಎಂದೆ. ಆಕೆಗೆ ಸಮಾಧಾನವಾಗಲಿಲ್ಲ, ಆಗುವಂತೆಯೂ ಇರಲಿಲ್ಲ. ಅವರು ಮುಖ ಒರೆಸಿಕೊಳ್ಳುತ್ತಾ ಬಂದರು. ಆಕೆ ಡಬ್ಬಿ ಬಿಚ್ಚಿದರು. ಇಬ್ಬರೂ ಬೆಂಚಿನ ಮೇಲೆ ಕುಳಿತು ರೊಟ್ಟಿ ತಿಂದರು. ನಾನು ಕಿಟಕಿಯಿಂದ ನೋಡಿದಾಗ ಅವರು ಏನನ್ನೋ ಮೆಲ್ಲನೆ ಹೇಳುತ್ತಿದ್ದರು, ಆಕೆ ತುತ್ತನ್ನು ಕೈಯಲ್ಲಿಯೇ ಹಿಡಿದುಕೊಂಡು ಕೇಳುತ್ತಿದ್ದರು. ಬಸ್ಸಿನ ಹೊತ್ತಿನ ಮಾತೋ, ಬೇರೆಯದೋ, ನನಗೆ ಕೇಳಿಸಲಿಲ್ಲ.